ಚಹಾ ಕುಡಿಸಿದವನು

“ಇವ್ನೇ ನಮ್ಮಪ್ಪ!” ನಮ್ಮತ್ತೆ ಫೋಟೊದ ಮೇಲೆ ಬೆರಳಿಟ್ಟರು.

ಎರಡನೇ ಮಹಾಯುದ್ಧದಲ್ಲಿ ಮುಳುಗಿದ ಹಡಗೊಂದರಲ್ಲಿ ಸತ್ತವರು, ಉಳಿದವರು ಯಾರ‍್ಯಾರೆಂದು ಹುಡುಕುತ್ತಿದ್ದ ಸಂಶೋಧಕಿಯೊಬ್ಬರು ಬಿ.ಜಿ. ಕೆರೆಯ ನಮ್ಮ ಮನೆಗೆ ಬಂದಿದ್ದರು. ಸೈನ್ಯಕ್ಕೆ ಸೇರಿದ ಅವರಪ್ಪ ಊರು ಬಿಟ್ಟಾಗ ಅತ್ತೆಗೆ ಏಳೆಂಟು ವರ್ಷ. ಆ ಹಡಗಿನಲ್ಲಿದ್ದ ಅಪ್ಪ ಸಮುದ್ರದಲ್ಲೇ ಮುಳುಗಿದರೆಂದು ಮನೆಯವರೆಲ್ಲ ನಂಬಿದ್ದರು. ಆದರೆ ಸಂಶೋಧಕಿ ತಂದದ್ದು ದಡ ಸೇರಿದವರ ಫೋಟೊ.

“ಇವರು ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡರಂತೆ ಅಜ್ಜಿ. ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ,” ಎಂದರು ಆಕೆ ಮೆಲ್ಲಗೆ.

ಅತ್ತೆ ಕಣ್ಣೊರೆಸಿಕೊಂಡು ಮತ್ತೆ ಫೋಟೊ ನೋಡಿದರು. ಕಂಬಳಿ ಹೊದ್ದು ಒರಗಿದ್ದ ಅಪ್ಪನಿಗೆ ಯುವಕನೊಬ್ಬ, ತಾನೂ ತೊಯ್ದು ತೊಪ್ಪೆಯಾಗಿದ್ದರೂ, ಲೋಟ ಹಿಡಿದು ಚಹಾ ಕುಡಿಸುತ್ತಿದ್ದ.

“ಈ ಪುಣ್ಯಾತ್ಮ ಯಾರವ್ವ?”

“ಇನ್ನೂ ಗೊತ್ತಾಗಿಲ್ಲ ಅಜ್ಜಿ.”

“ಹುಡುಕವ್ವ. ಮಗಳು ನಾನ್ ಮಾಡ್ಬೇಕಾದ್ದು ಅವ್ನು ಮಾಡವ್ನೆ.”

ಚಳ್ಳಕೆರೆಯಲ್ಲಿ ಆ ಫೋಟೊಗೆ ಕಟ್ಟು ಹಾಕಿಸುವಾಗ, ಅಪ್ಪನ ಮುಖವಷ್ಟನ್ನೇ ದೊಡ್ಡದು ಮಾಡಿಸೋಣ ಎಂದೆ. ಅತ್ತೆ ಒಪ್ಪಲಿಲ್ಲ. ಈಗ ನಮ್ಮ ಗೋಡೆಯ ಮೇಲೆ ಇಬ್ಬರೂ ಇದ್ದಾರೆ. ಬಂದವರು ಆ ಯುವಕನನ್ನು ತೋರಿಸಿ ಯಾರೆಂದು ಕೇಳಿದರೆ ಅತ್ತೆ, “ನಮ್ಮೋನೇ” ಅನ್ನುತ್ತಾರೆ.