ಅಪ್‌ಗ್ರೇಡ್ ಮಾವ

ಮಕ್ಕಳೆಲ್ಲ ಅಪ್‌ಗ್ರೇಡ್ ಮಾವ ಎಂದೇ ಕರೆಯುವ ಈ ಸೋದರಮಾವನಿಗೆ ನೆಟ್ಟಗೆ ಓಡುವ ಕಂಪ್ಯೂಟರ್ ಕಂಡರೆ ಕೈ ತುರಿಸುತ್ತದೆ. ತಂಗಿಯ ಮನೆಯ ಕಂಪ್ಯೂಟರನ್ನು ನಡೆಸುವ ಲಿನಕ್ಸನ್ನು ಅಪ್‌ಗ್ರೇಡ್ ಮಾಡಿದ್ದೇ ತಡ, ಅದರ ಸದ್ದು ಸೊಳ್ಳೆಯ ಗುಂಯ್‌ಗಿಂತ ಕೆಳಗಿಳಿಯಿತು. "ಲಿನಕ್ಸ್‌ದು ತಪ್ಪಲ್ಲಮ್ಮ, ನಿಮ್ಮ ಸ್ಪೀಕರ್‌ಗೇ ನಾಚಿಕೆ," ಎನ್ನುತ್ತ ಅವನು ಕಪ್ಪು ಪರದೆಯ ಮೇಲೆ ಏನೇನೋ ಕುಟ್ಟುತ್ತಾನೆ, ಒಳಗೆಲ್ಲೋ ಅಡಗಿ ಕೂತ ಇನ್ನೊಂದು ವಾಲ್ಯೂಮನ್ನು ಹುಡುಕಿ ಮೇಲಕ್ಕೇರಿಸುತ್ತಾನೆ, ಮನೆ ನಡುಗುವಂತೆ ಹಾಡು ಹಾಕಿ ಮೀಸೆ ತಿರುವುತ್ತಾನೆ, ಬಡಿಸಿದ್ದನ್ನೆಲ್ಲ ಉಂಡು ಹೋಗುತ್ತಾನೆ. ಮರುದಿನ ಮತ್ತೆ ಸದ್ದಿಲ್ಲ. "ಅಣ್ಣಾ, ಇವತ್ತೂ ಕೇಳಿಸ್ತಿಲ್ಲ ನೋಡು, ಊಟದ ಹೊತ್ತಿಗೆ ಬಂದುಬಿಡು," ಎಂದು ತಂಗಿ ಫೋನ್ ಮಾಡುತ್ತಾಳೆ. ಅತ್ತಿಗೆ ತೀರಿಕೊಂಡ ಮೇಲೆ ಅವನ ಮನೆಯಲ್ಲಿ ಒಲೆ ಹೊತ್ತಿಲ್ಲವೆಂದು ಅವಳಿಗೆ ಗೊತ್ತು. ಆ ವಾಲ್ಯೂಮನ್ನು ಇಳಿಸುವುದು ಹೇಗೆಂದು ಅವನ ಬೆನ್ನ ಹಿಂದೆ ನಿಂತೇ ಕಲಿತಿದ್ದಾಳೆ.