ಗೆರ್ಬರನ ಹೆಸರಿನ ಅರ್ಥ

ಅಪ್ಪಾ, ಆವತ್ತು ನಿನ್ನ ಮಾತನ್ನು ನಾನು ಗೆರ್ಬರನಿಗೆ ಹೇಳಲಿಲ್ಲ. ಅವನ ಮಾತನ್ನು ನಿನಗೂ ಹೇಳಲಿಲ್ಲ. ನಡುವೆ ದುಭಾಷಿಯಾಗಿ ಕೂತು ಇಬ್ಬರಿಗೂ ಸುಳ್ಳು ಹೇಳಿದೆ — ನೀನು ತೊಗಲು ಹದ ಮಾಡಿ ಓದಿಸಿದ ಮಗ.

2013ರ ಬೇಸಿಗೆ. ನೀನು ಆಕ್ಲೆಂಡಿಗೆ ಬಂದು ತಿಂಗಳಾಗಿತ್ತು. ಪೆನ್‌ರೋಸ್‌ನ ಗೋದಾಮಿನಲ್ಲಿ ನನ್ನ ಮೇಲ್ವಿಚಾರಕನಾಗಿದ್ದ ಗೆರ್ಬರ್, ಜರ್ಮನಿಯಿಂದ ಬಂದು ಇಲ್ಲೇ ಮುದುಕನಾದವನು, ಭಾನುವಾರದ ಊಟಕ್ಕೆ ನಮ್ಮಿಬ್ಬರನ್ನೂ ಕರೆದಿದ್ದ. ಅವನ ಹೆಸರಿಗೇನು ಅರ್ಥ ಎಂದು ನೀನೇ ನನ್ನಿಂದ ಕೇಳಿಸಿದೆ. ಅವನಿಗೆ ಅಷ್ಟೇ ಬೇಕಾಗಿತ್ತು ನೋಡು! ಗೆರ್ಬರ್ ಅಂದರೆ ಚರ್ಮ ಹದ ಮಾಡುವವನು. ದಕ್ಷಿಣ ಜರ್ಮನಿಯಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ ಎಲ್ಲಿ ಕಲ್ಲೆಸೆದರೂ ಒಬ್ಬ ಗೆರ್ಬರನಿಗೆ ತಾಗುತ್ತದೆ. ಬವೇರಿಯಾ ಕಡೆ ಅದೇ ಕಸುಬಿನವರು ಲೆಡರರ್‌ಗಳು. ವಾಸನೆಯೆಂದು ಹಿಂದೆ ತಮ್ಮವರನ್ನು ಊರಾಚೆ ಹೊಳೆದಂಡೆಗೆ ಅಟ್ಟಿದ್ದರಂತೆ — ನಗುನಗುತ್ತ ಹೇಳಿದ. ಇಲ್ಲಿಯವರೆಗೆ ನಾನು ನಿನಗೆ ನಿಯತ್ತಾಗಿಯೇ ಹೇಳಿದೆ.

ನಿನ್ನ ಮುಖ ಅರಳಿತು. "ಅಯ್ಯೋ ಶಿವನೇ, ನಮ್ಮೋನೇ ಕಣ್ಲಾ ಇವ್ನು! ನಾನೂ ಅದೇ ಕಸುಬ್ನೋನು ಅಂತ ಹೇಳ್ಲಾ. ಹದಕ್ಕೆ ಯಾವ ಮರದ್ ತೊಗಟೆ ಹಾಕ್ತಿದ್ರು ಕೇಳು."

ಗೋದಾಮಿನಲ್ಲಿ ಇನ್ನೂ ಮೂವರು ಕನ್ನಡದವರಿದ್ದರು. ಅವರಿಗೆ ನಾನು ಮೇಷ್ಟ್ರ ಮಗನೆಂದು ಹೇಳಿಕೊಂಡಿದ್ದೆ. ಅವರ ಮನೆಯ ಹಬ್ಬದೂಟದಲ್ಲಿ ನನಗೆ ಎಲೆ ಸಿಗುತ್ತಿದ್ದದ್ದೂ ಆ ಮೇಷ್ಟ್ರ ಹೆಸರಿನಿಂದಲೇ. ಗೆರ್ಬರನ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಸೋಮವಾರ ಟೀ ಹೊತ್ತಿಗೆ ಎಲ್ಲರಿಗೂ —

"ಅಪ್ಪ ಸ್ಕೂಲ್ ಮೇಷ್ಟ್ರಾಗಿದ್ದರು" ಎಂದೆ ಅವನಿಗೆ.

ಗೆರ್ಬರ್ ತಟ್ಟನೆ ಗಂಭೀರನಾದ. ಎದ್ದು ನಿನ್ನ ಕೈ ಕುಲುಕಿದ, ಮತ್ತೆ ತಮಾಷೆ ಮಾಡಲಿಲ್ಲ, ಸಾಸೇಜು ಮಗುಚಲು ಹೋದ.

"ಏನಂದ್ನ್ಲಾ?"

"ಆ ಮಾತು ಬೇಡ್ವಂತೆ ಅಪ್ಪ. ನಗ್ತಾನೆ ಅಷ್ಟೆ, ಒಳಗೆ ನಾಚಿಕೆಯಂತೆ."

ನೀನು ಅವನತ್ತ ನೋಡಿದೆ. "ಪಾಪ... ಅಲ್ಲೂ ಹಿಂಗೇನಾ? ಬುಡು, ಕೆದಕ್‌ಬ್ಯಾಡ. ಅವ್ನ್ಗೆ ನೋವಾಯ್ತದೆ."

ಹೊರಡುವಾಗ ನೀನು ಅವನ ಬೆನ್ನು ಸವರಿದೆ. ಸಮಾಧಾನ ಮಾಡುತ್ತಿದ್ದೀಯ ಎಂದು ನನಗೆ ಗೊತ್ತಿತ್ತು — ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಎರಡು ವರ್ಷಕ್ಕೆ ನೀನು ತೀರಿಹೋದೆ. ಗೆರ್ಬರ್ ಹೂವು ಹಿಡಿದು ಮನೆಗೆ ಬಂದ. "ಮೇಷ್ಟ್ರ ಮುಂದೆ ನಾನು ತೊಗಲಿನ ಕಥೆ ಹೇಳಬಾರದಿತ್ತು. ಅವರಿಗೆ ಬೇಸರವಾಗಿತ್ತೇನೋ" ಎಂದ. ಎರಡು ವರ್ಷ ಅವನೂ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದನಲ್ಲ! ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಅವನು ಬೈಯಲಿಲ್ಲ. "ನಾವಿಬ್ಬರೂ ಎಷ್ಟೊಂದು ಮಾತಾಡಬಹುದಿತ್ತು" ಎಂದು ಮಾತ್ರ ಹೇಳಿದ.

ಮರುದಿನ ಗೋದಾಮಿನ ಆ ಮೂವರಿಗೂ ನಾನೇ ಹೇಳಿದೆ. ಒಬ್ಬರ ಮನೆಯಿಂದ ಆಮೇಲೆ ಹಬ್ಬಕ್ಕೆ ಕರೆ ಬಂದಿಲ್ಲ. ಬರದಿದ್ದರೆ ಬೇಡ. ಹೇಳಬೇಕಾದವರಿಗೆಲ್ಲ ಹೇಳಿಯಾಯಿತು, ನಿನಗೊಬ್ಬನಿಗೆ ಬಿಟ್ಟು — ಗೆರ್ಬರನಿಗೆ ತನ್ನ ಹೆಸರಿನ ಬಗ್ಗೆ ನಾಚಿಕೆ ಇರಲೇ ಇಲ್ಲ ಅಪ್ಪ. ನಾಚಿಕೆಯಿದ್ದದ್ದು ನನಗೆ.