ಲವಂಗದ ಜನ

ಲವಂಗವನ್ನು ನೀವು ಎಂದಾದರೂ ನೆಟ್ಟಗೆ ನಿಲ್ಲಿಸಿ ನೋಡಿದ್ದೀರಾ? ನಾನಂತೂ ಇಪ್ಪತ್ತೆರಡು ವರ್ಷ ಅದನ್ನು ಚಹಾದ ಮಸಾಲೆಗೆ ಕುಟ್ಟಿದವನೇ ಹೊರತು, ಅದಕ್ಕೊಂದು ಪುಟ್ಟ ತಲೆ, ಕೆಳಗೊಂದು ಸಣಕಲು ಮೈ ಇದೆಯೆಂದು ಗಮನಿಸಿದವನಲ್ಲ. ಮುಂಬಯಿಯ ಒಂದು ವಾಸ್ತುಶಿಲ್ಪ ಮತ್ತು ಕಲಾ ವಿದ್ಯಾಲಯದಲ್ಲಿ ಕ್ಯಾಂಟೀನು ನಡೆಸುವ ಉಡುಪಿ ಕಡೆಯವನು ನಾನು. ಗಲ್ಲಾದ ಪಕ್ಕದಲ್ಲೇ ನೋಟಿಸ್ ಬೋರ್ಡು ಇರುವುದರಿಂದ ಉಪನ್ಯಾಸ, ಚಿತ್ರಪ್ರದರ್ಶನ, ಬಹುಮಾನಗಳ ಸುದ್ದಿಯೆಲ್ಲ ಪ್ರಾಂಶುಪಾಲರಿಗಿಂತ ಮೊದಲು ನನಗೇ ತಿಳಿಯುತ್ತದೆಂಬ ಜಂಬವೂ ಉಂಟು.

ಈ ಸಲ ಬಂದ ಸುದ್ದಿ ವಾರ್ಷಿಕ ಪ್ರದರ್ಶನದ್ದು. ಕೊನೆಯ ವರ್ಷದವರು ರಟ್ಟಿನಲ್ಲಿ ಕಟ್ಟಿದ ಪುಟ್ಟ ಕಟ್ಟಡಗಳ ಮಾದರಿಗಳಲ್ಲಿ ಪರೀಕ್ಷಕರು ಮೆಚ್ಚಿದವು ಮಾತ್ರ ಸಭಾಂಗಣಕ್ಕೆ. ಅವರಲ್ಲೊಬ್ಬಳಾದ ಧಾರಾವಿಯ ಸವಿತಾಳಿಗೆ ಅದು ಬರಿಯ ಅಂಕಗಳ ಮಾತಾಗಿರಲಿಲ್ಲ. ಯಾದಗಿರಿಯಿಂದ ಬಂದು ಈ ಊರಿನ ಎಷ್ಟೋ ಬಿಲ್ಡಿಂಗುಗಳಿಗೆ ಗಾರೆ ಮೆತ್ತಿದ ಅವಳಪ್ಪ, ಮಗಳು ಕಟ್ಟಿದ್ದನ್ನು ನೋಡಲೆಂದೇ ಪ್ರದರ್ಶನದ ದಿನ ರಜೆ ಕೇಳಿಟ್ಟಿದ್ದ. ಅವಳು ಕಟ್ಟಿದ್ದು ತಮ್ಮ ಗಲ್ಲಿಯನ್ನೇ: ಕೆಳಗೆ ಚರ್ಮದ ಕೆಲಸ, ಮೇಲೆ ಮನೆ, ನಡುವೆ ಎಲ್ಲರಿಗೂ ಸೇರಿದ ಅಂಗಳ, ಅಂಗಳದಲ್ಲೊಂದು ನಲ್ಲಿ.

ಪರೀಕ್ಷೆಯ ಬೆಳಿಗ್ಗೆ ಅವಳು ಮಾದರಿಯನ್ನು ಕ್ಯಾಂಟೀನಿನ ಬೆಂಚಿನ ಮೇಲಿಟ್ಟು, ಕಾಗದದಲ್ಲಿ ಕತ್ತರಿಸಿದ ಉಗುರಿನಷ್ಟು ಎತ್ತರದ ಜನರನ್ನು ಮೂಲೆಯ ಟೇಬಲ್ಲಿನ ಮೇಲೆ ಹರಡಿ ಅಂಟು ತರಲು ಹೋದಳು. ಹೋಟೆಲಿನವರ ಕೈ ನಿಮಗೆ ಗೊತ್ತಲ್ಲ. ಟೇಬಲ್ಲು ಕಂಡರೆ ಅದು ತಾನಾಗಿಯೇ ಒರೆಸಿಬಿಡುತ್ತದೆ. ಒದ್ದೆ ಬಟ್ಟೆಯನ್ನು ಒಂದು ಸಲ ಎಳೆದೆ, ಗಲ್ಲಿಯ ಜನರೆಲ್ಲ ಎಂಜಲ ಬಕೆಟ್ಟಿಗೆ ಬಿದ್ದರು.

“ಅಣ್ಣಾ, ಇಲ್ಲಿ ನನ್ನ ಜನ ಇದ್ರಲ್ಲ, ಕಿಧರ್ ಗಯೇ?” ಎಂದಳು ಅಂಟು ಹಿಡಿದು ಬಂದ ಸವಿತಾ.

“ಯಾವ ಜನ ಮಾರಾಯ್ತಿ? ನಾನು ಕಸ ತೆಗೆದದ್ದು ಮಾತ್ರ,” ಎಂದೆ. ಎಂದ ಮೇಲೆ ಬಕೆಟ್ಟು ಇಣುಕಿದೆ. ಅವರೆಲ್ಲ ಸಾಂಬಾರಿನಲ್ಲಿ ನೆನೆದು ಮುದ್ದೆಯಾಗಿದ್ದರು. ನಾಚಿಕೆಯಿಂದ ಕುಗ್ಗಿಹೋದೆ. ‘ಇಲ್ಲಿ ಜನ ಎಲ್ಲಿ?’ ಎಂಬುದು ಪರೀಕ್ಷಕರ ಮೊದಲ ಪ್ರಶ್ನೆಯೆಂದು ವರ್ಷ ವರ್ಷವೂ ಕ್ಯಾಂಟೀನಿನ ಕಿಟಕಿಯಿಂದ ಕೇಳಿಸಿಕೊಂಡವನು ನಾನೇ. ಉಳಿದದ್ದು ಅರ್ಧ ಗಂಟೆ.

ಅಡುಗೆಮನೆಯ ಡಬ್ಬಿಗಳನ್ನೆಲ್ಲ ತಂದು ಅವಳ ಮುಂದಿಟ್ಟೆ. ಸಾಸಿವೆ, ಮೆಣಸು, ಕಡಲೆಗಳನ್ನು ಅಳತೆಪಟ್ಟಿಗೆ ಹಿಡಿದು ತಲೆಯಲ್ಲಾಡಿಸುತ್ತ ಬಂದವಳು ಲವಂಗದ ಹತ್ತಿರ ನಿಂತಳು.

“ಅಣ್ಣಾ, ಇದರ ಹೈಟ್ ಬರೋಬರ್ ಇದೆ.”

ಅವಳು ಮಾದರಿಯ ರಟ್ಟಿಗೆ ಸೂಜಿಯಿಂದ ತೂತು ಕೊರೆದು ನೆಡುವುದು, ನಾನು ತಲೆ ಮುರಿಯದ ಲವಂಗ ಆರಿಸಿಕೊಡುವುದು. ಗಿರಾಕಿಗಳು ಚಹಾ ಚಹಾ ಎಂದು ಕೂಗುತ್ತಿದ್ದರು, ಕೂಗಲಿ. ನಲ್ಲಿಯ ಮುಂದೆ ಸಾಲು ನಿಂತಿತು, ಮೆಟ್ಟಿಲ ಮೇಲೆ ಇಬ್ಬರು ಹರಟೆಗಿಳಿದರು, ನನಗೆ ಮೈಯೆಲ್ಲ ಪುಳಕ. ಕಾಗದದವರು ಎಲ್ಲರೂ ಒಂದೇ ಅಚ್ಚಿನವರಾಗಿದ್ದರು. ಇವರಲ್ಲಿ ಗೂನು ಬೆನ್ನಿನವರಿದ್ದರು, ಡೊಳ್ಳು ಹೊಟ್ಟೆಯವರಿದ್ದರು, ಕುತ್ತಿಗೆ ಕೊಂಕಿಸಿ ಜಗಳಕ್ಕೆ ನಿಂತವರೂ ಇದ್ದರು. ನಿಮ್ಮಲ್ಲಿ ಮುಚ್ಚುಮರೆಯೇನು, ಇಷ್ಟು ವರ್ಷ ಎದುರು ಕುಳಿತವರನ್ನೆಲ್ಲ ನಾನು ಟೇಬಲ್ ನಂಬರಿನಿಂದಲೇ ಗುರುತಿಸಿದವನು.

ಕಿಟಕಿಯಿಂದ ನೋಡುತ್ತಿದ್ದೆ: ಪರೀಕ್ಷಕರು ಬಗ್ಗಿದರು, ಮೂಸಿದರು, ನಕ್ಕರು. ಆ ಪ್ರಶ್ನೆಯನ್ನು ಮಾತ್ರ ಕೇಳಲಿಲ್ಲ. ಮರುದಿನ ಬೋರ್ಡಿನಲ್ಲಿ ಸವಿತಾಳ ಹೆಸರು ಕಂಡದ್ದೇ ತಡ, ಗಲ್ಲಾ ಬಿಟ್ಟು ಒಳಗೆ ಓಡಿ ದೋಸೆ ಹೊಯ್ಯುವವನಿಗೂ ಪಾತ್ರೆ ತೊಳೆಯುವವನಿಗೂ ಸಾರಿಬಂದೆ.

ಪ್ರದರ್ಶನದ ದಿನ ಅವಳಪ್ಪ ಇಸ್ತ್ರಿಯ ಅಂಗಿ ತೊಟ್ಟು, ಏನಾದರೂ ತಾಗೀತೆಂದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮಾದರಿಯ ಸುತ್ತ ಮೂರು ಸಲ ಬಂದ. ಅಂಗಳದ ಮೂಲೆಯಲ್ಲಿ ರಟ್ಟಿನ ಪುಟ್ಟ ಟೇಬಲ್ಲೊಂದಿತ್ತು, ಪಕ್ಕದಲ್ಲಿ ಒಂಟಿ ಲವಂಗ. ಅದನ್ನು ಅವಳು ನೆಟ್ಟದ್ದು ಯಾವಾಗಲೋ, ನಾನು ಕಂಡಿರಲಿಲ್ಲ.

“ಇಂವ ಯಾರವ್ವಾ, ಒಬ್ಬನ ನಿಂತಾನಲ್ಲ?”

“ಕ್ಯಾಂಟೀನ್ ಅಣ್ಣಾ, ಅಪ್ಪಾ. ನಮ್ಮ ಗಲ್ಲೀಲಿ ಅವರಿಗೂ ಜಾಗ ಇಟ್ಟೀನಿ.”

ನಾನು ಹಿಂದೆಯೇ ನಿಂತಿದ್ದೆ. ಕಣ್ಣು ತುಂಬಿಬಂತು, ಹೆಗಲ ಮೇಲಿನ ಬಟ್ಟೆಯಲ್ಲೇ ಒರೆಸಿಕೊಂಡೆ.

ಲವಂಗ ಕುಟ್ಟುವುದನ್ನು ಬಿಟ್ಟಿಲ್ಲ ಅನ್ನಿ, ಚಹಾ ನಿಲ್ಲಿಸುವಂತಿಲ್ಲವಲ್ಲ. ಆದರೆ ಮೂಲೆಯ ಟೇಬಲ್ಲನ್ನು ಒರೆಸುವ ಮೊದಲು ಈಗ ಕೈ ತಡೆಯುತ್ತದೆ, ಅಲ್ಲಿ ಯಾರಾದರೂ ಇದ್ದಾರೆಯೇ ಎಂದು ಬಗ್ಗಿ ನೋಡುತ್ತೇನೆ.